ಯುರೋಪಿನ ಸಂಘಟಿತ ಅಪರಾಧ: ಸೀಮೆಗೊಂದು ಸ್ವಭಾವ

ಒಬ್ಬರು: ಯುರೋಪಿನ ಸಂಘಟಿತ ಅಪರಾಧ ಎಂದೊಡನೆ ಸಿಸಿಲಿಯ ಮಾಫಿಯಾ ನೆನಪಿಗೆ ಬರುತ್ತದೆ. ಆದರೆ ಆ ಖಂಡದಲ್ಲಿ ಈ ದಂಧೆಗೆ ಒಂದೇ ರೂಪವಿಲ್ಲ. ದಕ್ಷಿಣ ಇಟಲಿಯಲ್ಲಿ ಅದು ಊರನ್ನೇ ಆಳಲು ನೋಡುತ್ತದೆ. ಪೂರ್ವದ ಹಳೆಯ ಕಮ್ಯುನಿಸ್ಟ್ ದೇಶಗಳಲ್ಲಿ ಸರ್ಕಾರ ಕುಸಿದಾಗ ಅದರ ಅವಶೇಷಗಳಿಂದ ಎದ್ದು ಬಂತು. ವಾಯವ್ಯದ ಬಂದರುಗಳಲ್ಲಿ ಊರಾಳುವ ಗೊಡವೆಗೆ ಹೋಗದೆ ಸರಕು ಸಾಗಿಸುತ್ತದೆ. ಸ್ವೀಡನ್ನಿನಲ್ಲಿ ಬಡಾವಣೆಗೊಂದು ಗುಂಪಾಗಿ ಒಡೆದುಹೋಗಿದೆ.

ಮತ್ತೊಬ್ಬರು: ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ತೂಗಲು ಸುಲಭದ ಅಳತೆಯೊಂದಿದೆಯಲ್ಲ, ಕೊಲೆಗಳ ಸಂಖ್ಯೆ.

ಒಬ್ಬರು: ದಾರಿ ತಪ್ಪಿಸುವುದೇ ಆ ಅಳತೆ. 1991ರಲ್ಲಿ ಇಟಲಿಯಲ್ಲಿ 1,900ಕ್ಕೂ ಹೆಚ್ಚು ಕೊಲೆಗಳಾದವು. ಈಗ ಸುಮಾರು ಆರು ಕೋಟಿ ಜನರಿರುವ ಆ ದೇಶದಲ್ಲಿ ವರ್ಷಕ್ಕೆ ಮುನ್ನೂರು ಚಿಲ್ಲರೆ ಕೊಲೆ, ಯುರೋಪಿನಲ್ಲೇ ತೀರಾ ಕಡಿಮೆ ಪ್ರಮಾಣಗಳಲ್ಲೊಂದು. ಒಂದು ಕೋಟಿ ಜನರ ಸ್ವೀಡನ್ನಿನಲ್ಲಿ 2022ರಲ್ಲಿ ಗುಂಡೇಟಿಗೇ 62 ಮಂದಿ ಸತ್ತರು. ಹೆಣ ಎಣಿಸಿ ತೀರ್ಮಾನಿಸುವುದಾದರೆ ಇಟಲಿಯ ಮಾಫಿಯಾ ಮುಗಿದ ಕಥೆ. ಅದು ಹಾಗೇನೂ ಮುಗಿದಿಲ್ಲ ಎಂಬುದಕ್ಕೆ ಅಲ್ಲಿನ ನ್ಯಾಯಾಲಯಗಳ ಕಡತಗಳೇ ಸಾಕ್ಷಿ. ಹೆದರಿಕೆ ಬೇರೂರಿದ ಕಡೆ ಬಂದೂಕು ಹೊರತೆಗೆಯುವ ಅಗತ್ಯ ಅಪರೂಪ. ಯಾರ ಮಾತು ಯಾರು ಕೇಳಬೇಕೆಂದು ಇನ್ನೂ ಇತ್ಯರ್ಥವಾಗದ ಕಡೆ ಗುಂಡು ಹಾರುತ್ತದೆ. ಆದ್ದರಿಂದ ಒಂದು ಸೀಮೆಯ ದಂಧೆಯನ್ನು ಅರಿಯಲು ಅಲ್ಲಿ ಏನು ಮಾರಾಟವಾಗುತ್ತಿದೆ, ಯಾರ ಪರವಾನಗಿಯಿಂದ ಎಂದು ನೋಡಬೇಕು.

ಮತ್ತೊಬ್ಬರು: ಸಿಸಿಲಿಯಲ್ಲಿ ಮಾರಾಟವಾದದ್ದು ಏನು? ಬಡತನದಿಂದ ಮಾಫಿಯಾ ಹುಟ್ಟಿತು ಎಂಬುದು ರೂಢಿಯ ವಿವರಣೆ.

ಒಬ್ಬರು: ಬಡತನ ಯುರೋಪಿನ ಎಷ್ಟೋ ಮೂಲೆಗಳಲ್ಲಿತ್ತು. ಆದರೆ ಮಾಫಿಯಾ ಮೊದಲು ಗಟ್ಟಿಯಾದ ಜಾಗಗಳಲ್ಲಿ ದುಡ್ಡು ಓಡಾಡುತ್ತಿತ್ತು. 1812ರಲ್ಲಿ ಸಿಸಿಲಿಯಲ್ಲಿ ಊಳಿಗಮಾನ್ಯ ಹಕ್ಕುಗಳು ರದ್ದಾದವು. ಜಮೀನು ಕೈಯಿಂದ ಕೈಗೆ ಹೋಗತೊಡಗಿತು. ಆ ಹಕ್ಕನ್ನು ಕಾಯಬಲ್ಲ ಪೊಲೀಸಾಗಲಿ ಕೋರ್ಟಾಗಲಿ ಹಳ್ಳಿಯವರೆಗೆ ತಲುಪಿರಲಿಲ್ಲ. ಅದೇ ಕಾಲಕ್ಕೆ ಪಲೆರ್ಮೊ ಸುತ್ತಲಿನ ನಿಂಬೆ ತೋಟಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಸ್ಕರ್ವಿ ರೋಗ ತಡೆಯಲು ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಳ್ಳುತ್ತಿತ್ತು, ಆಮೇಲೆ ಅಮೆರಿಕದ ಪೇಟೆಯೂ ತೆರೆಯಿತು. ನಿಂಬೆ ಗಿಡ ಫಲಕ್ಕೆ ಬರಲು ವರ್ಷಗಳೇ ಬೇಕು. ಅಲ್ಲಿಯವರೆಗೆ ನೀರು, ಗೊಬ್ಬರ, ಸುತ್ತುಗೋಡೆ ಎಂದು ಖರ್ಚೇ ಖರ್ಚು. ಅಷ್ಟೆಲ್ಲ ಸುರಿದ ಮೇಲೆ ಒಂದು ರಾತ್ರಿ ಕಾಯಿ ಕಿತ್ತುಕೊಂಡು ಹೋದರೆ, ಇಲ್ಲವೇ ಬೇಸಿಗೆಯಲ್ಲಿ ಕಾಲುವೆಯ ನೀರು ತಡೆದರೆ, ತೋಟದ ಒಡೆಯ ಮುಳುಗಿದ. ಹಾಗಾಗಿ ಕಾವಲಿಗೆ ಬೆಲೆ ಬಂತು. ಕಾವಲು ಬೇಡ ಎಂದವನ ತೋಟದಲ್ಲೇ ಕಳವಾಗುವಂತೆ ನೋಡಿಕೊಳ್ಳುವುದೂ ಕಾವಲುಗಾರನ ಕಸುಬಿನ ಭಾಗವಾಯಿತು. 1876ರಲ್ಲಿ ದ್ವೀಪವನ್ನು ಸುತ್ತಿ ಬಂದ ಇಟಲಿಯ ಅಧ್ಯಯನಕಾರ ಲಿಯೋಪೋಲ್ಡೊ ಫ್ರಾಂಕೆಟ್ಟಿ ಅಲ್ಲಿ ಹಿಂಸೆಯೇ ಒಂದು ಉದ್ಯಮವಾಗಿದೆ ಎಂದು ವರದಿ ಮಾಡಿದರು. ನೂರು ವರ್ಷಗಳ ನಂತರ ಬಂದ ಸಮಾಜಶಾಸ್ತ್ರಜ್ಞರೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಂತರು: ಮಾಫಿಯಾ ಮಾರುವ ಸರಕು ರಕ್ಷಣೆ.

ಮತ್ತೊಬ್ಬರು: ನಮ್ಮ ಕಡೆಯ ಹಫ್ತಾ ವಸೂಲಿಯೂ ಅದೇ ಅಲ್ಲವೇ?

ಒಬ್ಬರು: ವಸೂಲಿಯ ಮಟ್ಟಿಗೆ ಹೌದು. ಕೋಸಾ ನೋಸ್ತ್ರಾ, ಅಂದರೆ ಸಿಸಿಲಿಯ ಮಾಫಿಯಾ, ಅದಕ್ಕಿಂತ ಮುಂದೆ ಹೋಯಿತು. ಪೇಟೆಯ ಅಂಗಡಿಗಳಿಂದ ಹಫ್ತಾ ಎತ್ತುವುದರ ಜೊತೆಗೆ ಜಗಳ ತೀರ್ಮಾನಿಸಿತು, ಗುತ್ತಿಗೆ ಹಂಚಿತು, ಮತ ಕೊಡಿಸಿತು. ಕುಟುಂಬಗಳ ಮೇಲೆ ಒಂದು ಆಯೋಗವಿತ್ತು. ತೊಮ್ಮಾಸೊ ಬುಷೆಟ್ಟಾ 1984ರಲ್ಲಿ ಮಾಫಿ ಸಾಕ್ಷಿಯಾಗಿ ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ ಎದುರು ಇದರ ರಚನೆಯನ್ನು ಬಿಡಿಸಿಟ್ಟ. 1986ರಲ್ಲಿ ಪಲೆರ್ಮೊ ಜೈಲಿನ ಪಕ್ಕದಲ್ಲಿ ಇದಕ್ಕೆಂದೇ ಕಟ್ಟಿದ ಕೋರ್ಟಿನಲ್ಲಿ 475 ಆರೋಪಿಗಳ ವಿಚಾರಣೆ ಆರಂಭವಾಗಿ ಮುಂದಿನ ವರ್ಷ ಮುನ್ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. 1992ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿದದ್ದು ಹಳೆಯ ಒಪ್ಪಂದ ಮುರಿದಂತಾಯಿತು. ಮೇಲಿನ ಕೋರ್ಟಿನಲ್ಲಿ ಎಲ್ಲ ಬಿದ್ದುಹೋಗುತ್ತದೆ ಎಂದು ಮಾಫಿಯಾ ನಂಬಿ ಕೂತಿತ್ತು. ಮೇ 23ರಂದು ಫಾಲ್ಕೋನೆ, ಜುಲೈ 19ರಂದು ಅವರ ಸಹೋದ್ಯೋಗಿ ಪಾವೊಲೊ ಬೋರ್ಸೆಲಿನೊ ಬಾಂಬಿಗೆ ಬಲಿಯಾದರು. ಬಾಂಬು ಸಿಡಿದದ್ದು ಮಾಫಿಯಾದ ಹಿಡಿತ ಸಡಿಲವಾದ ಹೊತ್ತಿನಲ್ಲಿ ಎಂಬುದು ಗಮನಿಸಬೇಕಾದ್ದು. ಮುಂದಿನ ಜನವರಿಯಲ್ಲಿ ಕೋಸಾ ನೋಸ್ತ್ರಾದ ಮುಖ್ಯಸ್ಥ ತೊತೊ ರೀನಾ ಸಿಕ್ಕಿಬಿದ್ದ. ಅವನ ನಂತರದ ಬರ್ನಾರ್ಡೊ ಪ್ರೊವೆನ್ಸಾನೊ ಸದ್ದುಗದ್ದಲವಿಲ್ಲದೆ ವ್ಯವಹಾರ ನಡೆಸುವ ದಾರಿ ಹಿಡಿದು 2006ರವರೆಗೆ ಕೈಗೆ ಸಿಗಲಿಲ್ಲ.

ಮತ್ತೊಬ್ಬರು: ಕಲಾಬ್ರಿಯಾದ ಎನ್‌ದ್ರಂಗೆತಾ, ನೇಪಲ್ಸಿನ ಕಮೋರಾ ಇವೂ ಅದೇ ಬಳ್ಳಿಯ ಕುಡಿಗಳೇ?

ಒಬ್ಬರು: ಒಂದೇ ದೇಶದಲ್ಲಿದ್ದೂ ಮೂರೂ ಬೇರೆಬೇರೆ. ಕೋಸಾ ನೋಸ್ತ್ರಾ ಸದಸ್ಯರನ್ನು ಆರಿಸಿ ಪ್ರಮಾಣ ಮಾಡಿಸಿ ಸೇರಿಸಿಕೊಳ್ಳುತ್ತದೆ. ಎನ್‌ದ್ರಂಗೆತಾದ ಘಟಕವೇ ರಕ್ತಸಂಬಂಧದ ಕುಟುಂಬ. ಮಾಫಿ ಸಾಕ್ಷಿಯಾಗಬೇಕೆಂದರೆ ತಂದೆ, ತಮ್ಮ, ಭಾವನ ವಿರುದ್ಧ ಬಾಯಿ ಬಿಡಬೇಕು. ಹಾಗಾಗಿ ಅಲ್ಲಿ ಬಾಯಿ ಬಿಟ್ಟವರು ಬಹಳ ಕಾಲ ಬೆರಳೆಣಿಕೆಯಷ್ಟೇ. 1970ರ ದಶಕದಲ್ಲಿ ಶ್ರೀಮಂತರನ್ನು ಅಪಹರಿಸಿ ಬಂಡವಾಳ ಕೂಡಿಸಿಕೊಂಡಿತು. 1973ರಲ್ಲಿ ತೈಲ ಕುಬೇರನ ಮೊಮ್ಮಗ ಜಾನ್ ಪಾಲ್ ಗೆಟ್ಟಿಯ ಕಿವಿ ಕತ್ತರಿಸಿ ಕಳಿಸಿದ ಪ್ರಕರಣ ಜಗತ್ತಿಗೇ ಗೊತ್ತು. 1995ರಲ್ಲಿ ಕಲಾಬ್ರಿಯಾದಲ್ಲೇ ಜೋಯಾ ತಾವ್ರೊ ಕಂಟೇನರ್ ಬಂದರು ತೆರೆದಾಗ ಕೊಕೇನ್ ಮನೆ ಬಾಗಿಲಿಗೇ ಬಂತು. ದಕ್ಷಿಣ ಅಮೆರಿಕದ ಮಾರಾಟಗಾರರಿಗೆ ಇಂಥ ಕೊಳ್ಳುವವರೇ ಬೇಕಾಗಿತ್ತು, ಪೊಲೀಸರೆದುರು ತುಟಿ ಬಿಚ್ಚದವರು. ವಲಸೆ ಹೋದ ಬಂಧುಗಳ ಜಾಡಿನಲ್ಲಿ ಜರ್ಮನಿ, ಕೆನಡಾ, ಆಸ್ಟ್ರೇಲಿಯಾಕ್ಕೆ ಹಬ್ಬಿತು. 2007ರ ಆಗಸ್ಟ್ 15ರಂದು ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ ಒಂದು ರೆಸ್ಟೋರೆಂಟಿನೆದುರು ಆರು ಮಂದಿ ಗುಂಡಿಗೆ ಬಲಿಯಾದಾಗ ಜರ್ಮನರಿಗೆ ತಿಳಿದದ್ದು, ಸಾನ್ ಲೂಕಾ ಎಂಬ ಬೆಟ್ಟದ ಹಳ್ಳಿಯ ಎರಡು ಮನೆತನಗಳ ವೈರ ತಮ್ಮ ಊರಿನ ಬೀದಿಗೆ ಬಂದಿದೆ ಎಂದು. 2023ರ ನವೆಂಬರಿನಲ್ಲಿ ಕಲಾಬ್ರಿಯಾದಲ್ಲಿ ಮುಗಿದ ಇನ್ನೊಂದು ಮಹಾ ವಿಚಾರಣೆಯಲ್ಲಿ 200ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಗಿದೆ.

ಕಮೋರಾಕ್ಕೆ ಆಯೋಗವೂ ಇಲ್ಲ, ಒಂದೇ ತಲೆಯೂ ಇಲ್ಲ. ಅದು ದೊಡ್ಡ ನಗರದ ಇಕ್ಕಟ್ಟಿನ ಕೂಸು; ಗುಂಪುಗಳು ಹುಟ್ಟುತ್ತವೆ, ಒಡೆಯುತ್ತವೆ, ಬೀದಿ ಕಾಳಗಕ್ಕೆ ಇಳಿಯುತ್ತವೆ. 1980ರ ಭೂಕಂಪದ ನಂತರದ ಪುನರ್ನಿರ್ಮಾಣದ ಹಣ ಅದನ್ನು ಕೊಬ್ಬಿಸಿತು. ಉತ್ತರದ ಕಾರ್ಖಾನೆಗಳ ವಿಷತ್ಯಾಜ್ಯವನ್ನು ಅಗ್ಗದ ದರಕ್ಕೆ ತಂದು ನೇಪಲ್ಸ್ ಸುತ್ತಲಿನ ಹೊಲಗಳಲ್ಲಿ ಹೂತದ್ದೂ ಸುಟ್ಟದ್ದೂ ಇದೇ ಗುಂಪುಗಳು. ಜನರ ಜೀವ ಕಾಪಾಡಲು ಇಟಲಿ ಸರ್ಕಾರ ತಕ್ಕ ಕ್ರಮ ಕೈಗೊಳ್ಳಲಿಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2025ರ ಜನವರಿಯಲ್ಲಿ ತೀರ್ಪಿತ್ತಿತು. ತ್ಯಾಜ್ಯ ಕೊಟ್ಟ ಕಾರ್ಖಾನೆಗಳು ಇಟಲಿಯ ಉತ್ತರದವು, ಶಿಸ್ತಿಗೆ ಹೆಸರಾದ ಸೀಮೆಯವು ಎಂಬುದನ್ನು ಮರೆಯುವುದು ಸುಲಭ.

ಮತ್ತೊಬ್ಬರು: ಕಮ್ಯುನಿಸ್ಟ್ ಆಡಳಿತದಲ್ಲಿ ಪೊಲೀಸರ ಕಣ್ಣು ತಪ್ಪಿಸುವುದೇ ಕಷ್ಟವಾಗಿತ್ತು. ಪೂರ್ವದಲ್ಲಿ ಇಂಥ ಗುಂಪುಗಳು ಎಲ್ಲಿಂದ ಬಂದವು?

ಒಬ್ಬರು: ರಷ್ಯಾದ ಬೇರು ಜೈಲಿನಲ್ಲಿದೆ. ಸ್ಟಾಲಿನ್ ಕಾಲದ ಶ್ರಮ ಶಿಬಿರಗಳಲ್ಲಿ ವೃತ್ತಿಪರ ಕಳ್ಳರದೇ ಒಂದು ಪಂಗಡ ಬೆಳೆಯಿತು, ವೋರ್‌ಗಳದು. ಸರ್ಕಾರಕ್ಕೆ ದುಡಿಯಬಾರದು, ಸೈನ್ಯ ಸೇರಬಾರದು, ಸಂಸಾರ ಕಟ್ಟಬಾರದು, ಗಳಿಕೆಯಲ್ಲಿ ಪಾಲನ್ನು ಸಾಮೂಹಿಕ ಗಂಟಿಗೆ ಹಾಕಬೇಕು. ಅವರ ಪದವಿ, ಶಿಕ್ಷೆಯ ಚರಿತ್ರೆ ಎಲ್ಲ ಮೈಮೇಲಿನ ಹಚ್ಚೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಿ ಮರಳಿದ ಕಳ್ಳರನ್ನು ನಿಯಮ ಮುರಿದವರೆಂದು ಉಳಿದವರು ದೂರವಿಟ್ಟರು. ಶಿಬಿರಗಳೊಳಗೆ ಎರಡು ಬಣಗಳ ನಡುವೆ ರಕ್ತಪಾತವೇ ನಡೆಯಿತು. ಈ ಪಂಗಡಕ್ಕೆ ಊರಿನ ಮೇಲೆ ಹಿಡಿತವಿರಲಿಲ್ಲ, ಜೈಲಿನ ಮೇಲಿತ್ತು. 1988ರಲ್ಲಿ ಗೋರ್ಬಚೇವ್ ಕಾಲದ ಸಹಕಾರ ಕಾಯ್ದೆ ಖಾಸಗಿ ವ್ಯಾಪಾರಕ್ಕೆ ಬಾಗಿಲು ತೆರೆದಾಗ ಸನ್ನಿವೇಶ ಬದಲಾಯಿತು. ವ್ಯಾಪಾರಿ ಬಂದ, ಅವನ ಸಾಲ ವಸೂಲಿಗೆ, ಒಪ್ಪಂದ ಮುರಿದವನನ್ನು ಹಿಡಿಯಲಿಕ್ಕೆ ಕೋರ್ಟು ಬರಲಿಲ್ಲ. ಆ ಕೆಲಸವನ್ನು ಕುಸ್ತಿಪಟುಗಳು, ಅಫ್ಘನ್ ಯುದ್ಧದಿಂದ ಮರಳಿದವರು, ಹಳೆಯ ಕೆಜಿಬಿ ಅಧಿಕಾರಿಗಳು ವಹಿಸಿಕೊಂಡರು.

ಮತ್ತೊಬ್ಬರು: ಅಂದರೆ ಸಿಸಿಲಿಯ ನಿಂಬೆ ತೋಟದ ಕಥೆಯೇ, 150 ವರ್ಷ ತಡವಾಗಿ.

ಒಬ್ಬರು: ಆರಂಭ ಒಂದೇ, ಮುಂದಿನದು ಬೇರೆ. ರಷ್ಯಾದಲ್ಲಿ 2000ದ ಹೊತ್ತಿಗೆ ರಕ್ಷಣೆಯ ವ್ಯಾಪಾರವನ್ನು ಪೊಲೀಸರೂ ಗುಪ್ತಚರರೂ ತಮ್ಮ ಕೈಗೆ ತೆಗೆದುಕೊಂಡರು. ಸೇಂಟ್ ಪೀಟರ್ಸ್‌ಬರ್ಗಿನ ತಾಂಬೋವ್ ಗುಂಪಿನ ವ್ಲಾದಿಮಿರ್ ಕುಮಾರಿನ್ ಆ ನಗರದಲ್ಲಿ ದೊಡ್ಡ ಉದ್ಯಮಿಯೆಂದೇ ಮೆರೆದವನು. 2007ರಲ್ಲಿ ಅವನೂ ಜೈಲು ಸೇರಿದ. ಸಿಸಿಲಿಯಲ್ಲಿ ಮಾಫಿಯಾ ರಾಜ್ಯದ ಜಾಗ ಹಿಡಿಯಿತು, ರಷ್ಯಾದಲ್ಲಿ ರಾಜ್ಯವೇ ಮರಳಿ ಬಂದು ಮಾಫಿಯಾದ ಜಾಗ ಹಿಡಿಯಿತು.

ಬಲ್ಗೇರಿಯದ್ದು ಇದಕ್ಕಿಂತ ವಿಚಿತ್ರ. ಪದಕಗಳಿಗಾಗಿ ಸರ್ಕಾರ ಸಾಕಿದ್ದ ಪೈಲ್ವಾನರು, ಭಾರ ಎತ್ತುವವರು 1989ರ ನಂತರ ಅನ್ನಕ್ಕೆ ಕಲ್ಲು ಬಿದ್ದು ಬೀದಿಗೆ ಬಂದರು. ಕಾವಲು ಕಂಪನಿ ತೆರೆದು ಅಂಗಡಿ, ಹೋಟೆಲುಗಳ ರಕ್ಷಣೆಗೆ ನಿಂತರು. 1994ರಲ್ಲಿ ಸರ್ಕಾರ ಅಂಥ ಕಂಪನಿಗಳಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಬೋರ್ಡು ಬದಲಿಸಿ ವಿಮಾ ಕಂಪನಿಗಳಾದರು! ಕಾರಿನ ಗಾಜಿಗೆ ಅವರ ಸ್ಟಿಕ್ಕರ್ ಇದ್ದರೆ ಕಾರು ಸುರಕ್ಷಿತ; ಇಲ್ಲದಿದ್ದರೆ ಕಳುವು. ವಿಮೆಯ ಕಂತು ಯಾವುದು, ಹಫ್ತಾ ಯಾವುದು ಎಂದು ಬೇರ್ಪಡಿಸಲು ಅಲ್ಲಿನ ಕಾನೂನಿಗೆ ಹಲವು ವರ್ಷ ಹಿಡಿಯಿತು. ಅದೇ ಕಾಲದಲ್ಲಿ ಪಕ್ಕದ ಯುಗೊಸ್ಲಾವಿಯಾದ ಮೇಲೆ ವಿಶ್ವಸಂಸ್ಥೆಯ ನಿರ್ಬಂಧವಿತ್ತು. ಗಡಿಯಾಚೆಗೆ ಪೆಟ್ರೋಲು ಸಾಗಿಸಿದವರೂ ಇಂಥವರೇ.

ಮತ್ತೊಬ್ಬರು: ನಿರ್ಬಂಧ ಹಾಕಿದ್ದು ಯುದ್ಧ ನಿಲ್ಲಿಸಲು. ಅದರಿಂದ ಕಳ್ಳಸಾಗಣೆಗೆ ಬಂಡವಾಳ ಹುಟ್ಟಿತೇ?

ಒಬ್ಬರು: ಹುಟ್ಟಿದ್ದಷ್ಟೇ ಅಲ್ಲ, ಸರ್ಕಾರಿ ಆಶೀರ್ವಾದವೂ ಸಿಕ್ಕಿತು. ಸರ್ಬಿಯಾದಲ್ಲಿ ಗುಪ್ತಚರ ಇಲಾಖೆಯೇ ರೌಡಿಗಳಿಗೆ ಸಮವಸ್ತ್ರ ತೊಡಿಸಿ ಯುದ್ಧಕ್ಕೆ ಕಳಿಸಿತ್ತು. ಯುದ್ಧ ಮುಗಿದ ಮೇಲೆ ಆ ನಂಟು ಉಳಿಯಿತು. ಅದನ್ನು ಕಡಿಯಲು ಹೊರಟ ಪ್ರಧಾನಿ ಜೋರಾನ್ ಜಿಂಜಿಚ್ ಅವರನ್ನು 2003ರ ಮಾರ್ಚ್ 12ರಂದು ಬೆಲ್‌ಗ್ರೇಡಿನ ಸರ್ಕಾರಿ ಕಚೇರಿಯೆದುರೇ ದೂರದಿಂದ ಗುಂಡಿಟ್ಟು ಕೊಂದರು. ಸಂಚಿನಲ್ಲಿ ಜೆಮೂನ್ ಬಣದ ಮಾದಕವಸ್ತು ದಂಧೆಕೋರರೂ ಗುಪ್ತಚರ ಇಲಾಖೆಯ ವಿಶೇಷ ಪಡೆಯವರೂ ಒಟ್ಟಿಗಿದ್ದರು. ಆ ಬಳಿಕ ತುರ್ತುಸ್ಥಿತಿ ಸಾರಿ 10,000ಕ್ಕೂ ಹೆಚ್ಚು ಮಂದಿಯನ್ನು ಹಿಡಿದು ವಿಚಾರಿಸಲಾಯಿತು.

ಮಾಂಟೆನೆಗ್ರೊ 1990ರ ದಶಕದಲ್ಲಿ ಸಿಗರೇಟು ಕಳ್ಳಸಾಗಣೆಯ ನೆಲೆ. ವೇಗದ ದೋಣಿಗಳು ರಾತ್ರಿ ಏಡ್ರಿಯಾಟಿಕ್ ಕಡಲು ದಾಟಿ ಇಟಲಿಯ ಪೂಲ್ಯಾ ಕರಾವಳಿ ಸೇರುತ್ತಿದ್ದವು. ಆ ದಡದಲ್ಲಿ ಸಾಕ್ರಾ ಕೊರೋನಾ ಉನೀತಾ ಎಂಬ ನಾಲ್ಕನೇ ಇಟಾಲಿಯನ್ ಸಂಘಟನೆ ಕಾದಿರುತ್ತಿತ್ತು. ಕೋಟರ್ ಕೊಲ್ಲಿಯ ನಾವಿಕರಿಗೆ ಸರಕು ಹಡಗುಗಳಲ್ಲಿ ಕೆಲಸ ಸಿಗುವುದು ವಾಡಿಕೆ. ಅದೇ ಮುಂದೆ ಕೊಕೇನಿಗೆ ಅನುಕೂಲವಾಯಿತು. 2014ರಲ್ಲಿ ಸ್ಪೇನಿನ ವಾಲೆನ್ಸಿಯಾದಲ್ಲಿ ಬಚ್ಚಿಟ್ಟಿದ್ದ ಕೊಕೇನ್ ಕಾಣೆಯಾದದ್ದೇ ನೆಪವಾಗಿ ಕೋಟರ್ ಎಂಬ ಆ ಪುಟ್ಟ ಊರಿನ ಎರಡು ಬಣಗಳು ಹಲವು ದೇಶಗಳಲ್ಲಿ ಒಬ್ಬರನ್ನೊಬ್ಬರು ಬೇಟೆಯಾಡಿದವು. ಅಲ್ಬೇನಿಯಾದಲ್ಲಿ 1997ರಲ್ಲಿ ಪಿರಮಿಡ್ ಚೀಟಿ ವ್ಯವಹಾರಗಳು ಮುಳುಗಿ ಜನ ದಂಗೆ ಎದ್ದಾಗ ಸೇನೆಯ ಶಸ್ತ್ರಾಗಾರಗಳಿಂದ ಲಕ್ಷಾಂತರ ಬಂದೂಕುಗಳು ಲೂಟಿಯಾದವು. ಯುರೋಪಿನ ಬೀದಿಗಳಲ್ಲಿ ಕೈಬದಲಾಗುವ ಆಯುಧಗಳಲ್ಲಿ ಬಾಲ್ಕನ್ ಮೂಲದವು ಇಂದಿಗೂ ಬಹಳ.

ಮತ್ತೊಬ್ಬರು: ಇಲ್ಲಿಯವರೆಗಿನದೆಲ್ಲ ದುರ್ಬಲ ಸರ್ಕಾರದ ಕಥೆ. ನೆದರ್ಲೆಂಡ್ಸ್, ಬೆಲ್ಜಿಯಂ ಅಂಥವಲ್ಲ. ಅಲ್ಲಿ ಕೋರ್ಟಿದೆ, ಪೊಲೀಸಿದೆ, ಒಪ್ಪಂದಕ್ಕೆ ಬೆಲೆಯಿದೆ.

ಒಬ್ಬರು: ಅಲ್ಲಿ ರಕ್ಷಣೆ ಮಾರಲು ಹೋದರೆ ಕೊಳ್ಳುವವರು ಕಡಿಮೆ. ದಂಧೆಗೆ ಅಲ್ಲಿ ಬೇಕಿರುವುದು ಒಳ್ಳೆಯ ರಸ್ತೆ, ಚುರುಕಾದ ಬಂದರು, ನಂಬಬಹುದಾದ ಬ್ಯಾಂಕು. ಸಕ್ರಮ ವ್ಯಾಪಾರಕ್ಕೆ ಬೇಕಾದದ್ದೆಲ್ಲ ಅಕ್ರಮಕ್ಕೂ ಬೇಕು. ರಾಟರ್‌ಡಾಮ್ ಬಂದರು ವರ್ಷಕ್ಕೆ 20 ಅಡಿ ಅಳತೆಯ 1.3 ಕೋಟಿಗೂ ಹೆಚ್ಚು ಕಂಟೇನರುಗಳಷ್ಟು ಸರಕನ್ನು ಸಾಗಿಸುತ್ತದೆ. ಎಲ್ಲವನ್ನೂ ಬಿಚ್ಚಿ ನೋಡಹೊರಟರೆ ಯುರೋಪಿನ ವ್ಯಾಪಾರವೇ ನಿಂತೀತು. ಈಕ್ವಡಾರಿನ ಬಾಳೆಹಣ್ಣಿನ ಪೆಟ್ಟಿಗೆಗಳ ನಡುವೆ ಕೊಕೇನ್ ಬರುತ್ತದೆ. ಆಂಟ್ವೆರ್ಪ್ ಬಂದರೊಂದರಲ್ಲೇ 2023ರಲ್ಲಿ 116 ಟನ್ ಕೊಕೇನ್ ವಶವಾಯಿತು. ಕಂಟೇನರಿನಿಂದ ಸರಕು ಹೊರತೆಗೆಯಲು ಹದಿಹರೆಯದ ಹುಡುಗರನ್ನು ಬಂದರಿನೊಳಕ್ಕೆ ನುಗ್ಗಿಸುತ್ತಾರೆ. ಖಾಲಿ ಕಂಟೇನರಿನಲ್ಲಿ ಊಟ, ಹಾಸಿಗೆ ಇಟ್ಟುಕೊಂಡು ದಿನಗಟ್ಟಲೆ ಅಡಗಿರುತ್ತಾರೆ. ಬರೀ ಒಳನುಗ್ಗಿದ್ದಕ್ಕೂ ಒಂದು ವರ್ಷದವರೆಗೆ ಜೈಲು ಎಂಬ ಕಾನೂನನ್ನು ಡಚ್ಚರು 2022ರಲ್ಲಿ ಜಾರಿಗೆ ತಂದರು. ಇದಕ್ಕೊಂದು ಹಳೆಯ ಹಿನ್ನೆಲೆಯೂ ಇದೆ. 1976ರಿಂದ ಅಲ್ಲಿ ಕಾಫಿ ಶಾಪುಗಳಲ್ಲಿ ಗಾಂಜಾ ಚಿಲ್ಲರೆ ಮಾರಾಟಕ್ಕೆ ವಿನಾಯಿತಿ, ಆದರೆ ಅಂಗಡಿಗೆ ಸಗಟು ಪೂರೈಕೆ ಅಪರಾಧ. ಮುಂಬಾಗಿಲಲ್ಲಿ ಅನುಮತಿ, ಹಿಂಬಾಗಿಲಲ್ಲಿ ನಿಷೇಧ. ದಶಕಗಳ ಕಾಲ ಸಗಟು ದಂಧೆಕೋರರು ಅನುಭವ, ಬಂಡವಾಳ ಎರಡನ್ನೂ ಕೂಡಿಸಿಕೊಂಡದ್ದು ಆ ಹಿಂಬಾಗಿಲಲ್ಲಿ.

ಮತ್ತೊಬ್ಬರು: ಆದರೂ ಅಲ್ಲಿ ರಾಜ್ಯದ ಮೇಲೇ ದಾಳಿ ನಡೆದಿದೆ.

ಒಬ್ಬರು: ನಡೆದಿದೆ. 2019ರ ಸೆಪ್ಟೆಂಬರಿನಲ್ಲಿ ಒಬ್ಬ ಮಾಫಿ ಸಾಕ್ಷಿಯ ವಕೀಲ ಡೆರ್ಕ್ ವೀರ್ಸಮ್, 2021ರ ಜುಲೈನಲ್ಲಿ ಅದೇ ಸಾಕ್ಷಿಗೆ ಸಲಹೆಗಾರರಾಗಿದ್ದ ಪತ್ರಕರ್ತ ಪೀಟರ್ ಆರ್. ಡಿ ಫ್ರೀಸ್ ಆಮ್‌ಸ್ಟರ್‌ಡಾಮಿನಲ್ಲಿ ಗುಂಡಿಗೆ ಬಲಿಯಾದರು. ಆ ಮೊಕದ್ದಮೆಯ ಮುಖ್ಯ ಆರೋಪಿ ರಿದೂವಾನ್ ತಾಘಿಗೆ 2024ರ ಫೆಬ್ರವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು. ಇಟಲಿಯಲ್ಲಿ 1992ರಲ್ಲಿ ಕಂಡದ್ದೇ ಇಲ್ಲೂ ಕಂಡದ್ದು: ಕೋರ್ಟು ಹತ್ತಿರ ಬಂದಾಗ ಗುಂಡು ಹಾರಿತು. ಆದರೆ ಇಲ್ಲಿನ ಜಾಲಗಳು ಊರಿಗೆ ಅಂಟಿಕೊಂಡವಲ್ಲ. ತಾಘಿ ಸಿಕ್ಕಿದ್ದು ದುಬೈಯಲ್ಲಿ. ಒಂದು ಖೇಪಿಗಾಗಿ ಅಲ್ಬೇನಿಯದವರು, ಡಚ್ಚರು, ಕಲಾಬ್ರಿಯದವರು ಸೇರುತ್ತಾರೆ, ಲಾಭ ಹಂಚಿಕೊಂಡು ಚೆದುರುತ್ತಾರೆ.

ಮತ್ತೊಬ್ಬರು: ಸ್ವೀಡನ್ನಿಗೆ ಅಂಥ ದೊಡ್ಡ ಬಂದರೂ ಇಲ್ಲ, ಆಳುವ ಮಾಫಿಯಾವೂ ಇಲ್ಲ. ಅಷ್ಟು ಸಾವು ಏಕೆ?

ಒಬ್ಬರು: ಏಕೆಂದರೆ ತೀರ್ಪು ಹೇಳುವ ಹಿರಿಯನಿಲ್ಲ. 1994ರಿಂದ 1997ರವರೆಗೆ ನಾರ್ಡಿಕ್ ದೇಶಗಳಲ್ಲಿ ಹೆಲ್ಸ್ ಏಂಜೆಲ್ಸ್ ಮತ್ತು ಬ್ಯಾಂಡಿಡೋಸ್ ಎಂಬ ಮೋಟಾರ್‌ಸೈಕಲ್ ಗ್ಯಾಂಗುಗಳ ಕಾಳಗ ನಡೆಯಿತು, ಟ್ಯಾಂಕ್ ನಿರೋಧಕ ರಾಕೆಟ್ಟುಗಳೂ ಬಳಕೆಯಾದವು. ಅವಕ್ಕೆ ಅಧ್ಯಕ್ಷರಿದ್ದರು, ಸದಸ್ಯತ್ವವಿತ್ತು. ಹಾಗಾಗಿ ಕೂತು ಸಂಧಾನ ಮಾಡಿಕೊಳ್ಳಲಾಯಿತು. ಈಗಿನ ಗುಂಪುಗಳು ಹೊರವಲಯದ ವಸತಿ ಬಡಾವಣೆಗಳ ಹುಡುಗರವು. ನಾಯಕರು ಹಲವರು ವಿದೇಶದಲ್ಲಿ ಕೂತು ಫೋನಿನಲ್ಲೇ ಸುಪಾರಿ ಕೊಡುತ್ತಾರೆ. 15 ವರ್ಷದೊಳಗಿನವರಿಗೆ ಶಿಕ್ಷೆಯಿಲ್ಲ ಎಂಬ ಕಾನೂನನ್ನು ನೋಡಿಕೊಂಡೇ ಎಳೆಯರ ಕೈಗೆ ಪಿಸ್ತೂಲು ಕೊಟ್ಟದ್ದಿದೆ. ದಕ್ಷಿಣ ಫ್ರಾನ್ಸಿನ ಮಾರ್ಸೇಯ್‌ನಲ್ಲೂ ಇದರ ಛಾಯೆ ಕಾಣುತ್ತದೆ. ಒಂದು ಕಾಲಕ್ಕೆ ಅಮೆರಿಕಕ್ಕೆ ಹೆರಾಯಿನ್ ತಯಾರಿಸಿ ಕಳಿಸುತ್ತಿದ್ದ ಕೆಲವೇ ಕುಳಗಳ ನಗರವದು. ಈಗ ಬಡಾವಣೆಯ ಮಾರಾಟದ ಮೂಲೆಗಾಗಿ ಹೊಡೆದಾಟ, 2023ರಲ್ಲಿ 49 ಸಾವು.

ಮತ್ತೊಬ್ಬರು: ಇದೆಲ್ಲ ವಲಸೆ ಬಂದವರ ಕೊಡುಗೆ ಎಂಬ ವಾದ ಯುರೋಪಿನಲ್ಲಿ ಜೋರಾಗಿದೆ.

ಒಬ್ಬರು: ಕೆಲವು ಜಾಲಗಳಲ್ಲಿ ವಲಸೆ ಕುಟುಂಬದ ಹುಡುಗರು ಹೆಚ್ಚಿರುವುದು ನಿಜ. ಆದರೆ ವಲಸೆಯನ್ನೇ ಕಾರಣ ಮಾಡಿದರೆ ಕಲಾಬ್ರಿಯಾದ ಬೆಟ್ಟದ ಹಳ್ಳಿ, ಮೋಟಾರ್‌ಸೈಕಲ್ ಗ್ಯಾಂಗು, ಸ್ಪೇನಿನ ಗಲೀಸಿಯಾ ಯಾವುದೂ ಅರ್ಥವಾಗುವುದಿಲ್ಲ. ಗಲೀಸಿಯಾದ ಕರಾವಳಿಯಲ್ಲಿ ಅಪ್ಪಟ ಸ್ಥಳೀಯರು ತಂಬಾಕು ಸಾಗಿಸುತ್ತಿದ್ದ ದೋಣಿಗಳಲ್ಲೇ 1980ರ ದಶಕದಲ್ಲಿ ಕೊಲಂಬಿಯಾದ ಕೊಕೇನ್ ಇಳಿಸಿದರು. ಅವರ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ವ್ಯಸನಕ್ಕೆ ಬಿದ್ದ ಮಕ್ಕಳ ತಾಯಂದಿರಿದ್ದರು.

ಮತ್ತೊಬ್ಬರು: ರೋಗ ಇಷ್ಟು ಬಗೆಯದಾದರೆ ಕಾನೂನೂ ಸೀಮೆಗೊಂದು ಆಗಿರಬೇಕು.

ಒಬ್ಬರು: ಆಗಿದೆ. ಇಟಲಿ 1982ರಲ್ಲಿ ಸಂಸದ ಪಿಯೋ ಲಾ ತೊರ್ರೆ, ಜನರಲ್ ದಲ್ಲಾ ಕಿಯೇಸಾ ಇಬ್ಬರ ಕೊಲೆಯ ನಂತರ ದಂಡಸಂಹಿತೆಗೆ 416-ಬಿಸ್ ಎಂಬ ಕಲಂ ಸೇರಿಸಿತು. ಗುಂಪಿನ ಹೆಸರು ಕೇಳಿಯೇ ಜನ ಹೆದರಿ ಬಾಯಿ ಮುಚ್ಚುವ ಸ್ಥಿತಿಯಿದ್ದರೆ ಅದರ ಸದಸ್ಯತ್ವವೇ ಅಪರಾಧ. ಜೊತೆಗೆ ಆಸ್ತಿ ಮುಟ್ಟುಗೋಲು. ಕರ್ನಾಟಕದ 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, ಮಹಾರಾಷ್ಟ್ರದ ಮಾದರಿಯಲ್ಲಿ, ಹಿಂದಿನ ಹತ್ತು ವರ್ಷಗಳ ಆರೋಪಪಟ್ಟಿಗಳನ್ನು ನೋಡುತ್ತದೆ; ಇಟಲಿಯದು ಊರಿನ ಮೌನವನ್ನೇ ಪುರಾವೆಯಾಗಿ ನೋಡುತ್ತದೆ. ಹಿಂದೆ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಜಾರ್ಜಿಯಾ 2005ರಲ್ಲಿ ವೋರ್ ಪದವಿಯನ್ನೇ ಅಪರಾಧ ಮಾಡಿತು. ಪದವಿಯನ್ನು ಅಲ್ಲಗಳೆಯುವಂತಿಲ್ಲ ಎಂಬುದು ಅವರದೇ ನಿಯಮ. ಹೌದು ಎಂದರೆ ಜೈಲು, ಅಲ್ಲ ಎಂದರೆ ಮಾನ ಹೋಯಿತು. ಬಹಳಷ್ಟು ಮಂದಿ ದೇಶ ಬಿಟ್ಟು ರಷ್ಯಾ, ಗ್ರೀಸ್, ಸ್ಪೇನ್ ಸೇರಿದರು. ಜಾರ್ಜಿಯಾದ ಹೊರೆ ಇಳಿಯಿತು, ಸ್ಪೇನಿನ ಪೊಲೀಸರಿಗೆ ಕೆಲಸ ಹೆಚ್ಚಿತು. ವಾಯವ್ಯದವರಿಗೆ ಸದಸ್ಯತ್ವವೂ ಪದವಿಯೂ ಸಿಗಲಿಲ್ಲ, ಏಕೆಂದರೆ ಅಲ್ಲಿ ಅವೆರಡೂ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಫೋನು. 2020ರಲ್ಲಿ ಎನ್‌ಕ್ರೋಚಾಟ್, 2021ರಲ್ಲಿ ಸ್ಕೈ ಇಸಿಸಿ ಎಂಬ ಗುಪ್ತ ಸಂದೇಶ ಜಾಲಗಳನ್ನು ಪೊಲೀಸರು ಭೇದಿಸಿ ಕೋಟ್ಯಂತರ ಸಂದೇಶ ಓದಿದರು.

ಮತ್ತೊಬ್ಬರು: ಇಡೀ ಖಂಡಕ್ಕೆ ಒಂದೇ ಕಾನೂನು ಬಂದಿಲ್ಲವೇ?

ಒಬ್ಬರು: ಆಸ್ತಿಯ ಮಟ್ಟಿಗೆ ಯತ್ನ ನಡೆದಿದೆ. ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ 2024ರಲ್ಲಿ ಒಕ್ಕೂಟಕ್ಕೆ ಅತಿ ಅಪಾಯಕಾರಿಯಾದ 821 ಜಾಲಗಳನ್ನು ಗುರುತಿಸಿತು. 25,000ಕ್ಕೂ ಹೆಚ್ಚು ಸದಸ್ಯರು; ನೂರರಲ್ಲಿ 86 ಜಾಲಗಳು ಸಕ್ರಮ ಕಂಪನಿಗಳನ್ನು ಬಳಸುತ್ತವೆ. ಹೋಟೆಲು, ಕಟ್ಟಡ ನಿರ್ಮಾಣ, ಸಾಗಣೆ ಇವೇ ಹೆಚ್ಚು. ಊರಾಳುವವರಿಗೂ ಊರು ಬಿಟ್ಟವರಿಗೂ ಹಣ ಅಡಗಿಸುವ ಜಾಗ ಒಂದೇ. ಅದೇ ವರ್ಷ ಒಕ್ಕೂಟ ಹೊಸ ನಿರ್ದೇಶನ ಹೊರಡಿಸಿತು: ಇಂಥದೇ ಅಪರಾಧದಿಂದ ಬಂತೆಂದು ತೋರಿಸಲಾಗದಿದ್ದರೂ, ಸಂಘಟಿತ ಅಪರಾಧದ ಗಳಿಕೆಯೆಂದು ಕೋರ್ಟಿಗೆ ಮನವರಿಕೆಯಾದ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಇಟಲಿಯಲ್ಲಿ ಬಹುಕಾಲದಿಂದ ಇರುವುದರ ಮೃದು ರೂಪವಿದು. ಸದಸ್ಯ ರಾಷ್ಟ್ರಗಳು ಅದನ್ನು ತಮ್ಮ ಕಾನೂನಿಗೆ ಇಳಿಸಿಕೊಳ್ಳಲು 2026ರ ನವೆಂಬರ್ ಗಡುವು. ರಷ್ಯಾ, ಸರ್ಬಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಬ್ರಿಟನ್ ಅದರ ವ್ಯಾಪ್ತಿಗೆ ಬರುವುದಿಲ್ಲ. ದುಬೈ ಅಂತೂ ಖಂಡದಲ್ಲೇ ಇಲ್ಲ.